ಮಧುಮೇಹದ ಸಸ್ಯೌಷಧಗಳು: ಒಂದು ಐತಿಹಾಸಿಕ ವಿವೇಚನೆ

ಕೃಷ್ಣಾ-ಭೀಮಾ ನದಿಗಳ ನಡುವಣ ಶಹಾಪುರ, ಸುರಪುರ, ಕೊಂಕಲ್ ಮೊದಲಾದ ಊರುಗಳ ಜನರಿಗೆ ತಂಗಡಿ, ಬೇವು, ನೇರಳೆಗಳು ಅಪರಿಚಿತವಲ್ಲ. ಇವುಗಳ ಹೂವು, ಎಲೆ, ಬೀಜಗಳನ್ನು ಸಿಹಿಮೂತ್ರ ರೋಗಕ್ಕೆ ಮದ್ದೆಂದು ಬಳಸುವ ವಾಡಿಕೆ ನಾಡಿನಲ್ಲಿ ಬಹುಕಾಲದಿಂದ ಉಂಟು. ಈ ವಾಡಿಕೆಯನ್ನು ಕುರಿತು ಎರಡು ಬಗೆಯ ಮಾತು ಕೇಳಿಬರುತ್ತದೆ. ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂಬುದು ಒಂದು. ಇದೆಲ್ಲ ಬರಿಯ ನಂಬಿಕೆಯೆಂಬುದು ಇನ್ನೊಂದು. ಇತಿಹಾಸದ ಸಾಕ್ಷ್ಯವು ಇವೆರಡನ್ನೂ ಸಮರ್ಥಿಸುವುದಿಲ್ಲವೆಂದು ನಮಗೆ ತೋರುತ್ತದೆ.

ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದನ್ನು ಮಧುಮೇಹವೆಂದು ಕರೆದಿವೆ. ಮೂತ್ರದ ಸಿಹಿಯೂ, ಸ್ಥೂಲರಲ್ಲಿ ಮತ್ತು ಕೃಶರಲ್ಲಿ ರೋಗವು ಬೇರೆ ಬೇರೆಯಾಗಿ ತೋರುವುದೂ ಆ ವೈದ್ಯರ ಗಮನಕ್ಕೆ ಬಂದಿದ್ದಿತು. ಆದರೆ ರಕ್ತದ ಸಕ್ಕರೆಯನ್ನು ಅಳೆಯುವ ಸಾಧನ ಅವರಿಗಿರಲಿಲ್ಲ. ಅವರ ಪ್ರಮೇಹವೆಲ್ಲವೂ ಇಂದಿನ ಮಧುಮೇಹವಲ್ಲ. ಈ ಸೀಮೆಗೆ ಸಮೀಪದ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜೈನ ವೈದ್ಯನಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ಬೋಧಿಸಿತು. ಸಸ್ಯೌಷಧಕ್ಕೆ ಅಂದು ಇದ್ದ ಮನ್ನಣೆಗೆ ಇದು ಸಾಕ್ಷಿಯೇ ಹೊರತು, ಅದರ ಫಲಕ್ಕೆ ಸಾಕ್ಷಿಯಲ್ಲ.

ಫಲದ ಪರೀಕ್ಷೆ ನಡೆದುದು ಬಹಳ ತಡವಾಗಿ. ಮಧುನಾಶಿನಿಯ ಚರಿತ್ರೆಯನ್ನು ನೋಡಬಹುದು. ಇದರ ಎಲೆಯನ್ನು ಅಗಿದವರಿಗೆ ಸಕ್ಕರೆಯ ರುಚಿ ತಿಳಿಯದೆಂಬ ಸಂಗತಿ 1847ರಲ್ಲಿ ಯುರೋಪಿನ ವಿದ್ವಾಂಸರಿಗೆ ವರದಿಯಾಯಿತು. ಉದಕಮಂಡಲದಲ್ಲಿದ್ದ ಡೇವಿಡ್ ಹೂಪರನು 1887ರಲ್ಲಿ ಎಲೆಯಿಂದ ಜಿಮ್ನೆಮಿಕ್ ಆಮ್ಲವನ್ನು ಬೇರ್ಪಡಿಸಿದನು. ಮದರಾಸು ವಿಶ್ವವಿದ್ಯಾನಿಲಯದ ಸಂಶೋಧಕರು ಎರಡನೆಯ ಬಗೆಯ ಮಧುಮೇಹದ 22 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳ ಕಾಲ ಕೊಟ್ಟು, 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಐವರು ಮಾತ್ರ ವಾಡಿಕೆಯ ಗುಳಿಗೆಗಳನ್ನು ಬಿಡಲು ಶಕ್ತರಾದರು. ಇದು ಆಶಾದಾಯಕವೇ ಸರಿ; ಆದರೆ 22 ಜನರ ಅನುಭವವು ನಾಡಿಗೆಲ್ಲ ಪ್ರಮಾಣವಾಗಲಾರದು.

ವಾಡಿಕೆಯು ಔಷಧವಾಗಿ ಪರಿಣಮಿಸಿದ ನಿದರ್ಶನ ಯುರೋಪಿನಲ್ಲಿ ದೊರೆಯುತ್ತದೆ. ಅಲ್ಲಿ ಗಲೇಗ ಎಂಬ ಗಿಡವು ನಾಟಿಮದ್ದಾಗಿದ್ದಿತು. ಅದರಲ್ಲಿರುವ ಗ್ವಾನಿಡೀನ್ ಜಾತಿಯ ವಸ್ತು ರಕ್ತದ ಸಕ್ಕರೆಯನ್ನು ಇಳಿಸುತ್ತದಾದರೂ ವಿಷಕರವಾದುದು. ಅದೇ ಜಾತಿಗೆ ಸೇರಿದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯನು ಮಧುಮೇಹಕ್ಕೆ ಅದರ ಉಪಯೋಗವನ್ನು 1957ರಲ್ಲಿ ಪ್ರಕಟಿಸಿದನು. ಇಂದು ಅದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಗಿಡವು ದಾರಿಯನ್ನು ತೋರಿತು. ಪ್ರಮಾಣವನ್ನೂ ಸುರಕ್ಷತೆಯನ್ನೂ ನಿರ್ಣಯಿಸಿದುದು ಪರೀಕ್ಷೆ.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರಕುವವರೆಗೆ ಮೊದಲನೆಯ ಬಗೆಯ ಮಧುಮೇಹಕ್ಕೆ ಗುರಿಯಾದ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಅಂಥವರು ಕಷಾಯವನ್ನು ನೆಚ್ಚಿ ಇನ್ಸುಲಿನ್ನನ್ನು ಬಿಟ್ಟರೆ ಇಂದಿಗೂ ಪ್ರಾಣಾಪಾಯವೇ. ನಮ್ಮ ಹೊಲದ ಬದುವಿನ ಗಿಡಗಳಲ್ಲಿ ನಾಳಿನ ಔಷಧವಿರಬಹುದು. ಆದುದರಿಂದ ವಾಡಿಕೆಗಳನ್ನು ಊರೂರಿನಲ್ಲಿ ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳ ಕರ್ತವ್ಯ. ಬರೆದಿಟ್ಟುದನ್ನು ಪರೀಕ್ಷಿಸುವುದು ವಿಜ್ಞಾನಿಗಳ ಕರ್ತವ್ಯ. ಮೊದಲನೆಯದನ್ನೇ ಎರಡನೆಯದೆಂದು ಭ್ರಮಿಸಬಾರದೆಂಬುದೇ ನಮ್ಮ ಅಭಿಪ್ರಾಯ.