ಒಂದು ಹನಿ ರಕ್ತ ನುಡಿದ ಸಾಕ್ಷಿ



ಸೈನ್ಯದ ಇತಿಹಾಸವೆಂದರೆ ನಿಮಗೆ ಮೊದಲು ನೆನಪಾಗುವುದು ಯಾವುದು? ರಾಜರು, ದಳಪತಿಗಳು, ಕೋಟೆಗಳು, ಗೆದ್ದ ಮತ್ತು ಸೋತ ಇಸವಿಗಳು. ಪರೀಕ್ಷೆಯಲ್ಲಿ ಕೇಳುವುದೂ ಇವನ್ನೇ. ಆದರೆ ಫಿರಂಗಿಗಳನ್ನು ಯುದ್ಧಭೂಮಿಯವರೆಗೆ ಎಳೆದುಕೊಂಡು ಹೋದವರು ಯಾರು? ಸಾವಿರಾರು ಸೈನಿಕರ ಅಕ್ಕಿ, ಬೇಳೆ, ಮದ್ದುಗುಂಡುಗಳನ್ನು ಹೊತ್ತವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಶಿವಮೊಗ್ಗ, ಭದ್ರಾವತಿಯಲ್ಲಿ ಓದುವ ನೀವು ದೂರ ಹೋಗಬೇಕಾಗಿಲ್ಲ. ಭದ್ರಾವತಿಯಿಂದ ತರೀಕೆರೆ ದಾಟಿ ಅಜ್ಜಂಪುರಕ್ಕೆ ಹೋದರೆ ಅಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಉದ್ದನೆಯ ಚೂಪು ಕೊಂಬಿನ, ಚುರುಕು ನಡಿಗೆಯ ಈ ದನಗಳು ಒಂದು ಕಾಲದಲ್ಲಿ ಮೈಸೂರು ಸೈನ್ಯದ ಬೆನ್ನೆಲುಬಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪು ಸುಲ್ತಾನನ ಕಾಲಕ್ಕೆ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳ ಹಿಂಡುಗಳೂ ಬ್ರಿಟಿಷರ ವಶವಾದವು.

ಇಂಥ ಸೈನ್ಯಕ್ಕೆ ಶತ್ರುವಿಗಿಂತ ದೊಡ್ಡ ಭಯ ಒಂದಿತ್ತು. ಅದು ಪ್ರಾಣಿಗಳಿಗೆ ತಗಲುವ ರೋಗ. ಕುದುರೆಗಳು ಸತ್ತರೆ ಅಶ್ವದಳವೇ ಇಲ್ಲ. ಎತ್ತು, ಹೇಸರಗತ್ತೆ, ಒಂಟೆಗಳು ಸತ್ತರೆ ಊಟವಿಲ್ಲ, ಗುಂಡಿಲ್ಲ. ಆದ್ದರಿಂದಲೇ ಸೈನ್ಯದಲ್ಲಿ ಪಶುವೈದ್ಯ ಎಂಬ ಹುದ್ದೆ ಹುಟ್ಟಿತು. ಆ ಹುದ್ದೆಯಲ್ಲಿದ್ದ ಒಬ್ಬ ಮನುಷ್ಯನ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ. ಅವನ ಹೆಸರು ಗ್ರಿಫಿತ್ ಇವಾನ್ಸ್. ಅವನು ಕನ್ನಡ ನಾಡಿನವನಲ್ಲ. ಆದರೂ ಅವನು ಕಲಿಸಿದ ಪಾಠ ನಮ್ಮ ಮಲೆನಾಡಿಗೆ ಹೇಗೆ ಸಂಬಂಧಿಸಿದ್ದು ಎಂಬುದು ಕಡೆಯಲ್ಲಿ ನಿಮಗೇ ತಿಳಿಯುತ್ತದೆ.

ಇವಾನ್ಸ್ ಹುಟ್ಟಿದ್ದು 1835ರಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಟವಿನ್ ಎಂಬ ಊರಿನಲ್ಲಿ. 1855ರಲ್ಲಿ ಪಶುವೈದ್ಯ ಪದವಿ ಪಡೆದು, ಕೆಲವು ವರ್ಷಗಳ ನಂತರ ಫಿರಂಗಿ ದಳದ ಪಶುವೈದ್ಯನಾಗಿ ಸೈನ್ಯ ಸೇರಿದ. 1861ರಲ್ಲಿ ಅವನ ದಳ ಕೆನಡಾ ದೇಶಕ್ಕೆ ಹೋಯಿತು. ಕುದುರೆಗಳನ್ನು ನೋಡಿಕೊಂಡು ಬಿಡುವಿನ ವೇಳೆಯಲ್ಲಿ ಹಾಯಾಗಿ ಇರಬಹುದಾಗಿತ್ತು. ಆದರೆ ಅವನು ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿ, ಮನುಷ್ಯರ ವೈದ್ಯವನ್ನೂ ಓದಿ, 1864ರಲ್ಲಿ ಎಂ.ಡಿ. ಪದವಿ ಪಡೆದ. ಅದೇ ಸಮಯದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಗೆ ಹೋಗಿ ಸೈನ್ಯದ ವ್ಯವಸ್ಥೆಯನ್ನು ಕಣ್ಣಾರೆ ಕಂಡು, ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನೂ ಭೇಟಿಯಾಗಿ ಬಂದ. ಪ್ರಾಣಿಯ ರೋಗ ಬೇರೆ, ಮನುಷ್ಯನ ರೋಗ ಬೇರೆ ಎಂದು ಎರಡು ಪೆಟ್ಟಿಗೆಗಳಲ್ಲಿ ಹಾಕಿ ಬೀಗ ಹಾಕದ ಮನಸ್ಸು ಅವನದು. ಇದನ್ನು ನೆನಪಿನಲ್ಲಿಡಿ.

1877ರಲ್ಲಿ ಇವಾನ್ಸ್ ಭಾರತಕ್ಕೆ ಬಂದ. ಉತ್ತರ ಭಾರತದ ಸೈನಿಕ ಠಾಣೆಗಳಲ್ಲಿ ಕುದುರೆಗಳು ಒಂದು ವಿಚಿತ್ರ ಕಾಯಿಲೆಯಿಂದ ಸಾಯುತ್ತಿದ್ದವು. ಅದು ಅಂಥ್ರಾಕ್ಸ್ ಎಂದು, ಅಂದರೆ ನಮ್ಮ ರೈತರು ನೆರಡಿ ರೋಗವೆನ್ನುವ ಕಾಯಿಲೆ ಎಂದು ಅವನು ಗುರುತಿಸಿದ. ಅಂಥ್ರಾಕ್ಸ್ ರೋಗಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಕ್ ತೋರಿಸಿಕೊಟ್ಟು ಆಗ ಒಂದೇ ವರ್ಷವಾಗಿತ್ತು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆಂಬ ಮಾತನ್ನು ಒಪ್ಪದ ವೈದ್ಯರೇ ಆಗ ಹೆಚ್ಚು. ಕೆಟ್ಟ ಗಾಳಿ, ಕೆಟ್ಟ ನೀರು, ಕೆಟ್ಟ ಹುಲ್ಲು ಎಂದು ಹೇಳಿ ಸುಮ್ಮನಾಗುವ ಕಾಲ ಅದು.

ಇವಾನ್ಸನ ಬಾಳಿನ ಮುಖ್ಯ ಘಟನೆ ನಡೆದದ್ದು 1880ರಲ್ಲಿ. ಸಿಂಧೂ ನದಿಯ ದಡದ ದೇರಾ ಇಸ್ಮಾಯಿಲ್ ಖಾನ್ ಎಂಬ ಊರು ಆಗ ಪಂಜಾಬಿನ ಗಡಿಯಲ್ಲಿತ್ತು, ಈಗ ಪಾಕಿಸ್ತಾನದಲ್ಲಿದೆ. ಅಲ್ಲಿ ಕುದುರೆ, ಹೇಸರಗತ್ತೆ ಮತ್ತು ಒಂಟೆಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಮೈ ಸೊರಗಿ, ರಕ್ತ ಬತ್ತಿ, ಕಾಲು ಹೊಟ್ಟೆಗಳಲ್ಲಿ ಬಾವು ಬಂದು ಅವು ಸಾಯುತ್ತಿದ್ದವು. ಸ್ಥಳೀಯರು ಇದನ್ನು ‘ಸರ್ರಾ’ ಎನ್ನುತ್ತಿದ್ದರು. ಇವಾನ್ಸ್ ಮಾಡಿದ್ದಾದರೂ ಏನು? ರೋಗಿ ಕುದುರೆಯ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ. ಕೆಂಪು ರಕ್ತಕಣಗಳ ನಡುವೆ ಪುಟ್ಟ ಹಾವಿನ ಮರಿಗಳಂತೆ ಏನೋ ನುಲಿಯುತ್ತ, ಕಣಗಳನ್ನು ತಳ್ಳುತ್ತ ಓಡಾಡುತ್ತಿದ್ದವು.

ಕಂಡಷ್ಟಕ್ಕೇ ಅವನು ತೀರ್ಮಾನ ಮಾಡಲಿಲ್ಲ. ರೋಗಿಯ ರಕ್ತದಲ್ಲಿ ಒಂದು ಜೀವಿ ಇದ್ದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೆಂದು ಹೇಳಲಾಗದು. ಮನೆಗೆ ಬೆಂಕಿ ಬಿದ್ದಾಗ ಅಲ್ಲಿ ನಿಂತವನೆಲ್ಲ ಬೆಂಕಿ ಇಟ್ಟವನಲ್ಲ, ಅಲ್ಲವೇ? ಅದಕ್ಕೆ ಅವನು ರೋಗಿಯ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿ ನೋಡಿದ. ಅವುಗಳಿಗೂ ಕಾಯಿಲೆ ಬಂತು, ಅವುಗಳ ರಕ್ತದಲ್ಲೂ ಅದೇ ಜೀವಿ ಕಾಣಿಸಿತು. ಕಚ್ಚುವ ದೊಡ್ಡ ನೊಣಗಳಿಂದ ಈ ರೋಗ ಹರಡುತ್ತದೆಂದು ಅಲ್ಲಿಯ ಜನ ನಂಬಿದ್ದರು. ಆ ಮಾತನ್ನೂ ಅವನು ತಳ್ಳಿಹಾಕದೆ ಬರೆದುಕೊಂಡ. ಇಷ್ಟನ್ನೆಲ್ಲ ಸೇರಿಸಿ ಸರ್ಕಾರಕ್ಕೆ ವರದಿ ಒಪ್ಪಿಸಿದ.

ಇಷ್ಟಾದರೂ ಅವನ ಮಾತನ್ನು ಮೇಲಿನವರು ಒಪ್ಪಲಿಲ್ಲ. ಕಲ್ಕತ್ತೆಯಲ್ಲಿ ಟಿಮೊಥಿ ಲೂಯಿಸ್ ಎಂಬ ಪ್ರಸಿದ್ಧ ಸೇನಾ ವೈದ್ಯನಿದ್ದ. ಅವನೂ ವೇಲ್ಸಿನವನೇ, ಅವನೂ ಸೂಕ್ಷ್ಮದರ್ಶಕದಲ್ಲಿ ಪಳಗಿದ ಕೈಯೇ. ಎರಡು ವರ್ಷ ಹಿಂದೆ, 1878ರಲ್ಲಿ, ಇಲಿಗಳ ರಕ್ತದಲ್ಲಿ ಇಂಥದೇ ಜೀವಿಗಳನ್ನು ಅವನು ಕಂಡಿದ್ದ. ಆ ಇಲಿಗಳು ಆರೋಗ್ಯವಾಗಿಯೇ ಓಡಾಡಿಕೊಂಡಿದ್ದವು. ಇಲಿಗೆ ಏನೂ ಮಾಡದ ಜೀವಿ ಕುದುರೆಯನ್ನು ಕೊಲ್ಲುವುದೆಂತು? ಲೂಯಿಸ್ ಮೂರ್ಖನಲ್ಲ, ಅವನು ಕಂಡದ್ದೂ ಸುಳ್ಳಲ್ಲ. ಆದರೆ ಇಲಿಯಲ್ಲಿ ಕಂಡದ್ದನ್ನು ಕುದುರೆಗೂ ಅನ್ವಯಿಸಿದ್ದು ತಪ್ಪು. ಒಂದೇ ಜಾತಿಗೆ ಸೇರಿದ ಎರಡು ಜೀವಿಗಳಲ್ಲಿ ಒಂದು ಸಾಧುವಾಗಿರಬಹುದು, ಇನ್ನೊಂದು ಮಾರಿಯಾಗಿರಬಹುದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅಲ್ಲದೆ, ಕುದುರೆ ವೈದ್ಯನೊಬ್ಬ ದೊಡ್ಡ ವಿಜ್ಞಾನಿಗಳಿಗೆ ಪಾಠ ಹೇಳುವುದೇ ಎಂಬ ಮನೋಭಾವವೂ ಆ ಕಾಲದಲ್ಲಿ ಕಡಿಮೆ ಇರಲಿಲ್ಲ.

ಸತ್ಯ ತನ್ನಷ್ಟಕ್ಕೆ ತಾನು ಹೊರಬರುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಬೇರೆ ಬೇರೆ ಜನ ಬೇರೆ ಬೇರೆ ಊರಿನಲ್ಲಿ ಅದನ್ನು ಎಳೆದು ತರಬೇಕಾಗುತ್ತದೆ. 1885ರಲ್ಲಿ ಬರ್ಮಾದಲ್ಲಿ ಸೈನ್ಯದ ಹೇಸರಗತ್ತೆಗಳು ಸಾಯತೊಡಗಿದಾಗ ಜಾನ್ ಹೆನ್ರಿ ಸ್ಟೀಲ್ ಎಂಬ ಇನ್ನೊಬ್ಬ ಸೇನಾ ಪಶುವೈದ್ಯ ಅವುಗಳ ರಕ್ತದಲ್ಲಿ ಅದೇ ಜೀವಿಯನ್ನು ಕಂಡು, ಇವಾನ್ಸನ ಹೆಸರನ್ನೇ ಅದಕ್ಕೆ ಇಟ್ಟ. ಈ ಸ್ಟೀಲನೇ 1886ರಲ್ಲಿ ಮುಂಬಯಿಯ ಪಶುವೈದ್ಯ ಕಾಲೇಜನ್ನು ಆರಂಭಿಸಿದವನು. ಆಮೇಲೆ 1890ರ ದಶಕದಲ್ಲಿ ಆಫ್ರಿಕದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ, ಅಲ್ಲಿಯ ದನಕರುಗಳನ್ನು ಕೊಲ್ಲುತ್ತಿದ್ದ ‘ನಗಾನ’ ರೋಗಕ್ಕೂ ಇದೇ ಬಗೆಯ ಜೀವಿ ಕಾರಣವೆಂದು ತೋರಿಸಿದ. ಮುಂದೆ, ಮನುಷ್ಯರನ್ನು ಸಾವಿರಗಟ್ಟಲೆ ಬಲಿ ತೆಗೆದುಕೊಳ್ಳುತ್ತಿದ್ದ ಆಫ್ರಿಕದ ನಿದ್ರಾರೋಗಕ್ಕೂ ಈ ಕುಲದ ಜೀವಿಯೇ ಮೂಲವೆಂದು ಗೊತ್ತಾಯಿತು. ನೊಣದ ವಿಷಯವೋ? 1901ರಲ್ಲಿ ಲಿಯೊನಾರ್ಡ್ ರೋಜರ್ಸ್ ಪ್ರಯೋಗ ಮಾಡಿ, ರಕ್ತ ಹೀರುವ ದೊಡ್ಡ ನೊಣಗಳು ಸರ್ರಾ ರೋಗವನ್ನು ಹರಡಬಲ್ಲವು ಎಂದು ಸಾಧಿಸಿದ. ಹಳ್ಳಿಗರ ಮಾತು ನಿಜವಾಯಿತು.

ಇವಾನ್ಸ್ 1890ರಲ್ಲಿ ನಿವೃತ್ತನಾಗಿ ವೇಲ್ಸಿಗೆ ಮರಳಿದ್ದ. 1917ರಲ್ಲಿ, ಅಂದರೆ ಕಂಡುಹಿಡಿದ 37 ವರ್ಷಗಳ ನಂತರ, ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆ ಅವನಿಗೆ ಮೇರಿ ಕಿಂಗ್ಸ್‌ಲಿ ಪದಕ ನೀಡಿ ಗೌರವಿಸಿತು. ಆಗ ಅವನ ವಯಸ್ಸು 80 ದಾಟಿತ್ತು. ನೂರು ವರ್ಷ ತುಂಬಿಸಿ 1935ರ ಡಿಸೆಂಬರಿನಲ್ಲಿ ತೀರಿಕೊಂಡ. ದೀರ್ಘಾಯುಷ್ಯವಿಲ್ಲದೆ ಹೋಗಿದ್ದರೆ ತನ್ನ ಮಾತು ಗೆದ್ದದ್ದನ್ನು ಅವನು ನೋಡುತ್ತಲೇ ಇರಲಿಲ್ಲವೇನೋ. ಅವನು ಕಂಡ ಜೀವಿಗೆ ಇಂದಿನ ಹೆಸರು ‘ಟ್ರಿಪನೊಸೋಮ ಇವಾನ್ಸಿ’. ಇದು ಪ್ರಾಣಿಗಳಿಗೆ ಮಾತ್ರ ಅಂಟುವಂಥದು ಎಂದೇ ಬಹುಕಾಲ ತಿಳಿಯಲಾಗಿತ್ತು. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನ ರಕ್ತದಲ್ಲೇ ಅದು ಕಂಡುಬಂತು. ನಮ್ಮೆಲ್ಲರ ರಕ್ತದಲ್ಲಿ ಈ ಜೀವಿಯನ್ನು ಕೊಲ್ಲುವ ಒಂದು ಪ್ರೋಟೀನ್ ಇದೆ, ಆ ರೈತನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಸುರಾಮಿನ್ ಎಂಬ ಔಷಧದಿಂದ ಅವರು ಗುಣಮುಖರಾದರು.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಚಿತ್ರವಿಲ್ಲದ ಕಥೆ ಹೇಳುವುದು ಕಷ್ಟ. ಇವಾನ್ಸನ ಒಂದು ಹನಿ ರಕ್ತದ ಚಲನಚಿತ್ರ ನಮ್ಮಲ್ಲಿಲ್ಲ. ಆದರೆ ಅದೇ ಕಥೆ ನಮ್ಮ ಜಿಲ್ಲೆಯಲ್ಲೇ ಇನ್ನೊಮ್ಮೆ ನಡೆದಿದೆ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಅವರಿಗೆ ನೆನಪಿದ್ದೀತು.

1957ರ ಬೇಸಿಗೆಯ ಆರಂಭ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಕಾಡಿಗೆ ಸೌದೆ, ಸೊಪ್ಪಿಗೆ ಹೋಗಿ ಬರುತ್ತಿದ್ದ ಜನರಿಗೂ ಕಡು ಜ್ವರ. ಕೆಲವರಿಗೆ ರಕ್ತಸ್ರಾವ, ಸಾವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಧಾವಿಸಿ ಬಂದರು. ಅವರ ಧಾವಂತಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳು ಸಾಯತೊಡಗಿದರೆ ಅದು ಹಳದಿ ಜ್ವರದ ಸೂಚನೆ. ಏಷ್ಯಾದಲ್ಲಿ ಎಂದೂ ಕಾಲಿಡದ ಆ ಮಾರಿ ಶಿವಮೊಗ್ಗಕ್ಕೆ ಬಂದುಬಿಟ್ಟಿತೇ ಎಂಬ ಆತಂಕ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು, ಅವರ ಜೊತೆಗೆ ನಮ್ಮ ದೇಶದ ವೈದ್ಯರು, ಕೀಟವಿಜ್ಞಾನಿಗಳು ಕಾಡು ಸುತ್ತಿದರು. ಸತ್ತ ಮಂಗಗಳ ದೇಹವನ್ನು ಕೊಯ್ದು, ಅಂಗಾಂಗಗಳನ್ನು ಪರೀಕ್ಷಿಸಿ, ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ, ಸೈಬೀರಿಯದ ಕಡೆ ಕಾಣುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಇದು ‘ಕ್ಯಾಸನೂರು ಕಾಡಿನ ಕಾಯಿಲೆ’. ನಮಗೆ ಮಂಗನ ಕಾಯಿಲೆ.

ಸತ್ತ ಮಂಗವೇ ಇಲ್ಲಿ ಮೊದಲ ಸಾಕ್ಷಿ ಎಂಬುದನ್ನು ಗಮನಿಸಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲೂ ಹರಡುತ್ತವೆ. ಆ ಜಾಗ ಅಪಾಯದ ತಾಣವಾಗುತ್ತದೆ. ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡದು. ಆದರೆ ರೋಗ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ, ಅಂದರೆ ಪಶುವೈದ್ಯರ ಸಂಸ್ಥೆಯಲ್ಲಿ, ಮನುಷ್ಯರಿಗೆ ಕೊಡುವ ಇದರ ಲಸಿಕೆ ತಯಾರಾಗುತ್ತಿತ್ತು. ಅದರ ಪರಿಣಾಮ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಉಣುಗು ಕಚ್ಚದಂತೆ ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ತೈಲವೂ ಒಂದು ಸೈನಿಕ ಸಂಶೋಧನೆಯ ಫಲವೇ. ಅದನ್ನು ರೂಪಿಸಿದ್ದು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ.

ಕಾಡಿಗೂ ಊರಿಗೂ ನಮ್ಮಲ್ಲಿ ಗೋಡೆಯಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದ ಇದ್ದಿಲು ಬರುತ್ತಿದ್ದುದು ಕಾಡಿನ ಮರದಿಂದಲೇ. ಇಂದಿಗೂ ಮಲೆನಾಡಿನ ಕೊಟ್ಟಿಗೆಯ ದನ ಬೆಳಗ್ಗೆ ಕಾಡಿಗೆ ಹೋಗಿ ಸಂಜೆ ಮನೆಗೆ ಬರುತ್ತದೆ, ಕೆಲವೊಮ್ಮೆ ಉಣುಗನ್ನು ಹೊತ್ತುಕೊಂಡೇ ಬರುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಮತ್ತೆ ಉಲ್ಬಣಿಸಿ ಜನರನ್ನು ಬಲಿ ತೆಗೆದುಕೊಂಡಿತು. ಮಂಗ ಸತ್ತ ಸುದ್ದಿ ಎಷ್ಟು ಬೇಗ ಮುಟ್ಟುತ್ತದೆ ಎಂಬುದರ ಮೇಲೆ ಎಷ್ಟೋ ಜೀವಗಳು ನಿಂತಿವೆ. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ನೀವು ಮುಟ್ಟಬೇಡಿ, ಹತ್ತಿರ ನಿಲ್ಲಬೇಡಿ. ಆರೋಗ್ಯ, ಪಶುಸಂಗೋಪನೆ ಅಥವಾ ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಿ. ‘ಒಂದು ಮಂಗ ಸತ್ತರೇನಂತೆ’ ಎಂದು ಹೇಳುವವರು ನಿಮ್ಮ ಊರಿನಲ್ಲೂ ಇರಬಹುದು. ಇವಾನ್ಸನಿಗೂ ಅಂಥವರು ಸಿಕ್ಕಿದ್ದರು.

ವಿಜ್ಞಾನ ಓದುವ ನಿಮ್ಮಲ್ಲಿ ಹೆಚ್ಚಿನವರು ಡಾಕ್ಟರು, ಎಂಜಿನಿಯರು ಎಂಬ ಎರಡೇ ದಾರಿಗಳನ್ನು ನೋಡುತ್ತೀರಿ. ಮೂರನೆಯ ದಾರಿಯೊಂದು ನಿಮ್ಮ ಮನೆಯ ಹತ್ತಿರವೇ ಇದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮಂಗನ ಕಾಯಿಲೆಯ ರಕ್ತಪರೀಕ್ಷೆ ನಡೆಸುವ ವೈರಾಣು ಪ್ರಯೋಗಾಲಯವೂ ಇದೆ. ಪಶುವೈದ್ಯ ಪದವಿ ಪಡೆದವರಿಗೆ ಭಾರತೀಯ ಸೈನ್ಯದ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ಅಧಿಕಾರಿಗಳಾಗುವ ಅವಕಾಶವಿದೆ. ಮೀರತ್ತಿನಲ್ಲಿ ಅದರ ತರಬೇತಿ ಕೇಂದ್ರವೂ ಸೇನೆಯ ಪಶುವೈದ್ಯ ಪ್ರಯೋಗಾಲಯವೂ ಇವೆ. ಅಲ್ಲಿಯವರು ಇಂದಿಗೂ ಸೈನ್ಯದ ಕುದುರೆ, ಹೇಸರಗತ್ತೆ, ನಾಯಿಗಳ ಆರೋಗ್ಯ ಕಾಯುತ್ತಾರೆ.

ಬಾಯಿಲ್ಲದ ಪ್ರಾಣಿ ತನಗೇನಾಯಿತೆಂದು ಹೇಳಲಾರದು. ಸತ್ತ ಮೇಲಂತೂ ಹೇಳಲಾರದು. ಅದರ ಪರವಾಗಿ ಒಬ್ಬರು ತಾಳ್ಮೆಯಿಂದ ನೋಡಬೇಕು, ಕಂಡದ್ದನ್ನು ಪರೀಕ್ಷಿಸಬೇಕು, ಮೇಲಿನವರು ಒಪ್ಪದಿದ್ದರೂ ಬರೆದಿಡಬೇಕು. 1880ರಲ್ಲಿ ಸಿಂಧೂ ದಡದಲ್ಲಿ ಒಬ್ಬರು ಆ ಕೆಲಸ ಮಾಡಿದರು, 1957ರಲ್ಲಿ ಕ್ಯಾಸನೂರಿನಲ್ಲಿ ಹಲವರು ಮಾಡಿದರು. ಮುಂದಿನ ಸಲ ನಮ್ಮ ಕಾಡು ಸುಳಿವು ಕೊಟ್ಟಾಗ ಅದನ್ನು ಓದುವವರು ಈಗ ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.