ಹಡಗು ಹತ್ತದ ಮೋಗ್ಲಿಂಗರು

ಮನಗೂಳಿಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ, ನಮ್ಮ ಬಸವಪುರಾಣಾನ ಪಾದ್ರಿ ಯಾಕ ಅಚ್ಚು ಹಾಕಿಸಿದ?" ಎಂದು ಕೇಳಿದ್ದ. ಬಸವಣ್ಣನವರ ಬಾಗೇವಾಡಿ ನಮ್ಮ ತಾಲ್ಲೂಕಿನ ಊರು. ಪ್ರಶ್ನೆಯಲ್ಲಿ ತುಸು ಅಸಮಾಧಾನವೂ ಇತ್ತು. ವೇಳಾಪಟ್ಟಿಯನ್ನು ಎಂದೂ ತಪ್ಪದ ಶಿಕ್ಷಕನಾದ ನಾನು "ಮತಪ್ರಚಾರಕ್ಕೆ" ಎಂದು ಒಂದೇ ಮಾತಿನಲ್ಲಿ ಹೇಳಿ ಅವನನ್ನು ಕುಳ್ಳಿರಿಸಿದೆ. ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಇಂದಿಗೂ ನನ್ನ ಮೇಲಿನ ಸಾಲ.

ಹರ್ಮನ್ ಮೋಗ್ಲಿಂಗರು (1811–1881) ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ವಿಧಿಗಳನ್ನು ಪಾಲಿಸಿದ ಮಾತ್ರಕ್ಕೆ ಭಕ್ತಿಯಾಗದು, ಹೃದಯವೇ ತಿರುಗಬೇಕು ಎಂಬುದು ಆ ಸೀಮೆಯ ಪಯಟಿಸ್ಟ್ ಕ್ರೈಸ್ತರ ನಂಬಿಕೆ. ಸಬ್ಬತ್ತಿನ ದಿನ ರೋಗಿಯನ್ನು ಗುಣಪಡಿಸಿದ್ದಕ್ಕೆ ಯೇಸುವಿನ ಮೇಲೆ ಸಿಟ್ಟಾದವರು ನಿಯಮನಿಷ್ಠರೇ ಅಲ್ಲವೆ? ಉಪನಯನವನ್ನು ನಿರಾಕರಿಸಿದ ಬಸವಣ್ಣನವರ ಸೀಮೆಯ ನಮಗೆ ಇದು ಅಪರಿಚಿತ ಮಾತಲ್ಲ.

1836ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳ ಜೊತೆಗೆ ಬಸವಪುರಾಣವೂ ಸೇರಿತು. ಮತಾಂತರದ ಉದ್ದೇಶ ಅವರಿಗೆ ಖಂಡಿತ ಇತ್ತು. ಅದನ್ನು ನಾನು ಮೆಚ್ಚಲಾರೆ. ಆದರೆ ಅನ್ಯಧರ್ಮದ ಪುರಾಣವನ್ನು ಕಾಪಾಡಿಕೊಡಬೇಕೆಂದು ಯಾವ ನಿಯಮಾವಳಿ ವಿಧಿಸಿತ್ತು?

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಅವರಿಂದ ದೀಕ್ಷಾಸ್ನಾನ ಪಡೆದ. ಮಂಗಳೂರಿನ ಸಾರಸ್ವತ ಸಮಾಜದಲ್ಲಿ ಅದೊಂದು ಕೋಲಾಹಲ. ಗುರು ಕೈಬಿಡಲಿಲ್ಲ, ಶಿಷ್ಯ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದ.

1852ರ ಕೊನೆ. ಮೋಗ್ಲಿಂಗರು ತಾಯ್ನಾಡಿಗೆ ಹೊರಡಲು ಸಿದ್ಧರಾಗಿದ್ದರು. ಆಗ ಸೋಮಯ್ಯನೆಂಬ ಕೊಡಗಿನ ಸಂನ್ಯಾಸಿ ಅವರನ್ನರಸಿ ಬಂದ. ಮಿಶನ್ನಿನ ಕಾರ್ಯಕ್ಷೇತ್ರದಲ್ಲಿ ಆಗ ಕೊಡಗು ಇರಲಿಲ್ಲ. ಬಂದವನಿಗೆ ದೀಕ್ಷೆ ಕೊಟ್ಟು, ಹಡಗನ್ನು ಮರೆತು, ತಮ್ಮದೇ ಹೊಣೆಯ ಮೇಲೆ ಅವನೊಡನೆ ಘಟ್ಟ ಹತ್ತಿದರು. ಮುಂದೆ ಕೌಂಡಿನ್ಯನೂ ಜೊತೆಗೂಡಿ, ಹೊಲೆಯ ಸಮುದಾಯದ ಕೂಲಿಯಾಳುಗಳಿಗಾಗಿ ಅಲ್ಲೊಂದು ನೆಲೆ ಕಟ್ಟಿದ. ಅದಕ್ಕೆ ಅವನ ಹೆಸರೇ ನಿಂತಿತು, ಆನಂದಪುರ.

1855ರಲ್ಲಿ ಬೈಬಲ್ ಅನುವಾದದಲ್ಲಿ ದುಡಿದಿದ್ದ ಬಂಧು ವೈಗ್ಲೆ ತೀರಿಕೊಂಡರು. ಅವರ ವಿಧವೆ ಪೌಲಿನಾರನ್ನು ಮೋಗ್ಲಿಂಗರು ಮುಂದೆ ಮದುವೆಯಾದರು. ನಾಲ್ವರು ಮಕ್ಕಳಿಗೆ ಮತ್ತೆ ತಂದೆ ಸಿಕ್ಕಂತಾಯಿತು. ಅಂತೂ ತಾಯ್ನಾಡಿಗೆ ಮರಳಿದ್ದು 1860ರಲ್ಲಿ.

ಬಸವಪುರಾಣದ ಪ್ರಶ್ನೆ ಕೇಳಿದವನು ಇದನ್ನು ಓದುತ್ತಿದ್ದರೆ ಒಂದು ಕಾಗದ ಬರೆಯಲಿ. ಇನ್ನೂ ಕೇಳುವುದಿದ್ದರೆ ಕೇಳಲಿ. ಈಗ ನನಗೆ ಗಂಟೆ ಬಾರಿಸುವವರಿಲ್ಲ.