ಹಿಳುಕಿನಿಂದ ಪ್ಲಾಸ್ಟಿಕ್ ಗರಿಯವರೆಗೆ: ಬೇಟೆಬಾಣದ ಬಾಲ ಹೇಳುವ ಚರಿತ್ರೆ

ಗಡಿಯಾಚೆಯ ಕನ್ನಡ ಅಂದಾಗ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಭಾಷಾ ಹಕ್ಕುಗಳ ಬಗ್ಗೆ ಮಾತಾಡ್ತೇವೆ. ನಾನು ಇವತ್ತು ವಯನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಅದು ಬಾಣದ ಹಿಂಬದಿಗೆ ಕಟ್ಟುವ ಗರಿ. ಬೇಟೆಬಾಣಕ್ಕೆ ಹಕ್ಕಿಯ ಗರಿ ಒಳ್ಳೆಯದೋ, ಪ್ಲಾಸ್ಟಿಕ್ ಗರಿ ಒಳ್ಳೆಯದೋ ಎನ್ನುವುದು ಅಮೆರಿಕದ ಬಿಲ್ಲುಬೇಟೆಗಾರರ ನಡುವೆ ಇಂದಿಗೂ ಮುಗಿಯದ ಚರ್ಚೆ. ಮೇಲುನೋಟಕ್ಕೆ ಇದು ಹಳತು-ಹೊಸತರ ಜಗಳ. ನನ್ನ ವಾದ ಬೇರೆ: ಈ ಆಯ್ಕೆಯನ್ನು ತೀರ್ಮಾನಿಸುವುದು ಮೊದಲು ಬಿಲ್ಲು, ಆಮೇಲೆ ಕಾನೂನು.

ಪದದಿಂದಲೇ ಶುರುಮಾಡೋಣ. ಕುಮಾರವ್ಯಾಸನ ಯುದ್ಧಪರ್ವಗಳನ್ನು ಓದಿದವರಿಗೆ ‘ಹಿಳುಕು’ ಪರಿಚಿತ ಪದ. ಹಳಗನ್ನಡದಲ್ಲಿ ಇದು ‘ಪಿಳುಕು’. ಬಾಣದ ಗರಿ ಕಟ್ಟಿದ ಹಿಂಭಾಗ ಅಂತ ಅರ್ಥ, ಸಂಸ್ಕೃತದ ‘ಪುಂಖ’ಕ್ಕೆ ಸಮ. ಕಾವ್ಯದಲ್ಲಿ ಇಡೀ ಬಾಣಕ್ಕೂ ಇದೇ ಹೆಸರು ನಿಲ್ಲುತ್ತದೆ. ಸಂಸ್ಕೃತದಲ್ಲೂ ಹಾಗೆಯೇ, ಅಮರಕೋಶದ ಬಾಣದ ಹೆಸರುಗಳಲ್ಲಿ ‘ಪತ್ರೀ’ ಒಂದು. ಪತ್ರ ಅಂದ್ರೆ ರೆಕ್ಕೆ, ಪತ್ರೀ ಅಂದ್ರೆ ಹಕ್ಕಿಯೂ ಹೌದು, ಬಾಣವೂ ಹೌದು. ಕೊಲ್ಲುವುದು ಮೊನೆಯಾದರೂ ಹೆಸರು ಬಂದಿರುವುದು ಬಾಲದಿಂದ. ಯಾಕೆ?

ಇದಕ್ಕೆ ಕಾರಣ ಬಾಣದ ಹಾರಾಟದಲ್ಲೇ ಇದೆ. ಬಾಣ ಗಾಳಿಯಲ್ಲಿ ಓರೆಯಾದಾಗ ಹಿಂದಿನ ಗರಿಯ ಮೇಲೆ ಗಾಳಿಯ ಒತ್ತಡ ಬಿದ್ದು ಬಾಲ ಮತ್ತೆ ಸಾಲಿಗೆ ಬರುತ್ತದೆ. ಗರಿಯನ್ನು ತುಸು ಓರೆಯಾಗಿ ಅಂಟಿಸಿದರೆ ಬಾಣ ತಿರುಗುತ್ತಾ ಹೋಗಿ ಇನ್ನಷ್ಟು ನೆಟ್ಟಗಾಗುತ್ತದೆ. ಹಕ್ಕಿಯ ಎಡರೆಕ್ಕೆಯ ಗರಿ ಒಂದು ಕಡೆಗೆ ಬಾಗಿದ್ದರೆ ಬಲರೆಕ್ಕೆಯದು ಇನ್ನೊಂದು ಕಡೆಗೆ. ಹಾಗಾಗಿ ಒಂದು ಬಾಣಕ್ಕೆ ಒಂದೇ ಕಡೆಯ ರೆಕ್ಕೆಯ ಗರಿಗಳನ್ನು ಬಳಸಬೇಕು, ಬೆರೆಸುವ ಹಾಗಿಲ್ಲ. ಬೇಟೆಬಾಣದಲ್ಲಿ ಇದು ಇನ್ನೂ ಮುಖ್ಯ. ಅದರ ಅಗಲವಾದ ಅಲಗು ಮುಂಭಾಗದಲ್ಲಿ ತಾನೇ ಒಂದು ರೆಕ್ಕೆಯ ಹಾಗೆ ವರ್ತಿಸಿ ಬಾಣವನ್ನು ದಾರಿ ತಪ್ಪಿಸುತ್ತದೆ. ಅದನ್ನು ಹತೋಟಿಯಲ್ಲಿಡಲು ಹಿಂದೆ ಅಷ್ಟೇ ಸಮರ್ಥವಾದ ಗರಿ ಬೇಕು.

ಇನ್ನು ಬಿಲ್ಲಿನ ಮಾತು. ಸಾದಾ ಬಿಲ್ಲಿನಲ್ಲಿ ಬಾಣ ಹಿಡಿಯ ಪಕ್ಕವನ್ನು ಸವರಿಕೊಂಡೇ ಹೊರಡುತ್ತದೆ. ಹೆದೆಯ ನೂಕಿಗೆ ಕಡ್ಡಿ ಬಾಗಿ, ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಆ ಕ್ಷಣದಲ್ಲಿ ಗರಿ ಬಿಲ್ಲಿಗೋ ಕೈಗೋ ತಗುಲಿದರೆ ಹಕ್ಕಿಯ ಗರಿ ಮಡಚಿಕೊಂಡು, ದಾಟಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಗರಿ ಮಡಚುವುದಿಲ್ಲ, ಒದೆಯುತ್ತದೆ. ಬಾಣ ದಿಕ್ಕು ಬದಲಿಸುತ್ತದೆ. ಜೊತೆಗೆ ಹಕ್ಕಿಯ ಗರಿ ಅದೇ ಅಳತೆಯ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಹಗುರ. ಅದರ ದೋಷಗಳೂ ನಿಜವೇ: ಮಳೆಯಲ್ಲಿ ನೆನೆದರೆ ಅಂಟಿಕೊಂಡು ಚಪ್ಪಟೆಯಾಗುತ್ತದೆ, ಪೊದೆಗೆ ತಾಗಿದರೆ ಸರಸರ ಸದ್ದು ಮಾಡುತ್ತದೆ, ಹುಳು ತಿನ್ನುತ್ತದೆ. ಪ್ಲಾಸ್ಟಿಕ್ಕಿಗೆ ಈ ಯಾವ ತೊಂದರೆಯೂ ಇಲ್ಲ.

ಅಂದಮೇಲೆ ಪ್ಲಾಸ್ಟಿಕ್ ಗೆಲ್ಲಬೇಕಾದರೆ ಮೊದಲು ಬಿಲ್ಲು ಬದಲಾಗಬೇಕಿತ್ತು. ಬದಲಾಯಿತು ಕೂಡ. ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ. ಅಂಥ ಬಿಲ್ಲುಗಳಲ್ಲಿ ಬಾಣ ಹೆಚ್ಚುಕಡಿಮೆ ನಡುಗೆರೆಯಲ್ಲೇ ಹೊರಡುತ್ತದೆ. ಅದು ಕೂರುವ ಆಸರೆ ಹಿಡಿಯಿಂದ ದೂರ ಇರುತ್ತದೆ. ಬಾಣ ಹೊರಟ ಕೂಡಲೇ ಕೆಳಗೆ ಬೀಳುವ ಆಸರೆಗಳೂ ಬಂದವು. ತಗುಲುವುದೇ ಇಲ್ಲ ಅಂದಮೇಲೆ ಮಡಚುವ ಗುಣ ಯಾಕೆ ಬೇಕು? ಹಾಗಾಗಿ ಇವತ್ತಿಗೂ ಸಾದಾ ಬಿಲ್ಲಿನ ಬೇಟೆಗಾರ ಟರ್ಕಿಕೋಳಿಯ ಗರಿಯನ್ನೇ ಹುಡುಕುತ್ತಾನೆ, ಕಾಂಪೌಂಡ್ ಬಿಲ್ಲಿನವನು ಪ್ಲಾಸ್ಟಿಕ್ ಅಂಟಿಸುತ್ತಾನೆ. ಇಬ್ಬರದೂ ಸರಿ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ದೇಶದಲ್ಲಿ ಈ ಆಯ್ಕೆ ಸಾಧ್ಯವಾದ ಬಗೆ. ತನ್ನ ಯಾಹಿ ಜನರನ್ನೆಲ್ಲ ಕಳೆದುಕೊಂಡ ಇಶಿ ಎಂಬ ಮೂಲನಿವಾಸಿ 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡಿನಿಂದ ಹೊರಬಂದ. ಅವನಿಂದ ಬಿಲ್ವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಬಿಲ್ಲುಬೇಟೆಯ ಪುಸ್ತಕ ಬರೆದ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಪ್ರತ್ಯೇಕ ಋತುವನ್ನೇ ಘೋಷಿಸಿತು. ಆದಿವಾಸಿಯ ವಿದ್ಯೆ ಕಾನೂನುಬದ್ಧ ಹವ್ಯಾಸವಾಯಿತು, ಆಮೇಲೆ ಮಾರುಕಟ್ಟೆಯಾಯಿತು.

ಈಗ ವಯನಾಡಿಗೆ ಬರೋಣ. ಸುಲ್ತಾನ್ ಬತ್ತೇರಿಯ ಹಳೆಯ ಹೆಸರುಗಳಲ್ಲೊಂದು ‘ಹನ್ನೆರಡು ಬೀದಿ’. ಈ ಕನ್ನಡ ಹೆಸರು ಅಲ್ಲಿನ ಜೈನ ನೆಲೆಗಳ ನೆನಪು. ಅದೇ ಜಿಲ್ಲೆಯ ಕಾಡಿನಲ್ಲಿರುವ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಇವರ ನೆರೆಯವರಾದ ಕುರಿಚ್ಯರು ಮತ್ತು ಮುಳ್ಳುಕುರುಮರು ಹೆಸರಾಂತ ಬಿಲ್ಲಾಳುಗಳು. 1802ರ ಅಕ್ಟೋಬರಿನಲ್ಲಿ ಎಡಚ್ಚೇನ ಕುಂಙನ್ ಮತ್ತು ತಲಕ್ಕಲ್ ಚಂದು ಅವರ ನೇತೃತ್ವದಲ್ಲಿ ಕುರಿಚ್ಯರ ಪಡೆ ಪನಮರದ ಕಂಪನಿ ಠಾಣೆಯನ್ನು ವಶಪಡಿಸಿಕೊಂಡು, ನೂರಕ್ಕೂ ಹೆಚ್ಚು ಬಂದೂಕುಗಳನ್ನು ಹೊತ್ತೊಯ್ದಿತು. ಗಮನಿಸಿ, ಬಿಲ್ಲು ಹಿಡಿದವರು ಬಂದೂಕನ್ನು ‘ನಮ್ಮ ಪರಂಪರೆಯದ್ದಲ್ಲ’ ಅಂತ ಬಿಟ್ಟು ಹೋಗಲಿಲ್ಲ. 1812ರಲ್ಲಿ, ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂಬ ಒತ್ತಾಯದ ವಿರುದ್ಧ, ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಹೊಸ ಉಪಕರಣ ಬೇಕೋ ಬೇಡವೋ ಅನ್ನುವುದು ಆಗ ಅವರದೇ ತೀರ್ಮಾನ.

ಸ್ವತಂತ್ರ ಭಾರತದಲ್ಲಿ ಚಿತ್ರ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸುವ ದಾರಿಗೆ ತಂದಿತು. ಬೇಟೆಯ ಹಕ್ಕಿಗೆ ಅದು ಧಕ್ಕೆ ತರದೆ ಉಳಿಸಿದ್ದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ ಮಾತ್ರ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಳ್ಳುವಾಗಲೂ ಬೇಟೆಯನ್ನು, ಬಲೆ ಹಾಕುವುದನ್ನು, ಕಾಡುಪ್ರಾಣಿಯ ದೇಹದ ಯಾವುದೇ ಭಾಗವನ್ನು ತೆಗೆಯುವುದನ್ನು ಹೊರಗಿಟ್ಟಿತು. ಬೇಟೆಯೂ ಹೋಯಿತು, ಕಾಡುಹಕ್ಕಿಯಿಂದ ಗರಿ ತೆಗೆಯುವ ದಾರಿಯೂ ಮುಚ್ಚಿತು. ಪ್ರಾಣಿಗಳ ಉಳಿವಿಗೆ ಈ ಕಾನೂನು ಬೇಕಿತ್ತು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದರಿಂದ ಒಂದು ಜ್ಞಾನಕ್ಕೆ ನೆಲೆ ತಪ್ಪಿತು ಎನ್ನುವುದೂ ಚರಿತ್ರೆಯೇ. ವಯನಾಡಿನ ಯುವಕ ಇವತ್ತು ಬಿಲ್ಲು ಹಿಡಿಯಬಹುದಾದ ಜಾಗ ಮುಖ್ಯವಾಗಿ ಹಬ್ಬ ಅಥವಾ ಕ್ರೀಡಾಂಗಣ. ಕ್ರೀಡಾಂಗಣದ ಆಧುನಿಕ ಬಿಲ್ಲಿಗೆ ಪ್ಲಾಸ್ಟಿಕ್ ಗರಿ ಸಹಜ. ಅವನು ಹಕ್ಕಿಯ ಗರಿಯನ್ನು ಹೋಲಿಸಿ ನೋಡಿ ಬಿಟ್ಟವನಲ್ಲ. ಬೇಟೆಬಾಣದ ಪ್ರಶ್ನೆ ಅವನ ಮುಂದೆ ಬರುವ ಮೊದಲೇ ತೀರ್ಮಾನವಾಗಿತ್ತು.

ಇದರಿಂದ ನಮ್ಮ ಓದಿಗೆ ಎರಡು ಎಚ್ಚರಿಕೆಗಳಿವೆ. ಒಂದು, ಗರಿ ಕಟ್ಟಿದ ಬಾಣವನ್ನು ‘ಆದಿಮ’ ಅಂತಲೂ ಪ್ಲಾಸ್ಟಿಕ್ಕನ್ನು ‘ಪ್ರಗತಿ’ ಅಂತಲೂ ಬರೆಯುವ ಮೊದಲು ಬಿಲ್ಲು ಯಾವುದು ಅಂತ ಕೇಳಬೇಕು. ಎರಡು, ‘ಹಿಳುಕು’ ನಮ್ಮ ಆಡುಮಾತಿನಿಂದ ಮರೆಯಾದುದನ್ನು ಬರೀ ಭಾಷೆಯ ಬದಲಾವಣೆ ಅಂತ ನೋಡಿದರೆ ಸಾಲದು. ಕೆಲಸ ನಿಂತಲ್ಲಿ ಕೆಲಸದ ಪದವೂ ನಿಲ್ಲುತ್ತದೆ. ಗಡಿಯಾಚೆಯ ಕಾಡಂಚಿನ ನುಡಿಗಳಲ್ಲಿ ಬಿಲ್ಲು, ಹೆದೆ, ಗರಿ, ಅಲಗುಗಳಿಗೆ ಏನೇನು ಹೆಸರುಗಳಿವೆ ಅಂತ, ಅವನ್ನು ಬಳಸಿದ ಹಿರಿಯರು ಇರುವಾಗಲೇ ಪಟ್ಟಿ ಮಾಡಿಕೊಳ್ಳುವುದು ಕನ್ನಡ ವಿಭಾಗಗಳಿಂದ ಆಗಬಹುದಾದ ಕೆಲಸ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.